ಖಾನೆಯೊಳಗಿನ ಕಿವಿ ಮಿಷನ್

ಪ್ರಬಂಧ ಓದಲು ಅವಳ ಸರದಿ ಊಟಕ್ಕೆ ಮುಂಚಿನದು. ಆದರೆ ಅವಳಿಗಿಂತ ಮೊದಲು ವೇದಿಕೆ ಹತ್ತಿದ ಪ್ರೊಫೆಸರು ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲ. ಅವರು ಮುಗಿಸುವಷ್ಟರಲ್ಲಿ ಅರ್ಧ ಸಭೆ ತಟ್ಟೆ ಹುಡುಕಿಕೊಂಡು ಹೊರಟಿತ್ತು. ಸಮಯ ಮೀರಿತು, ನಿಮ್ಮ ಪ್ರಬಂಧ ಓದಿದಂತೆಯೇ ಎಂದು ಭಾವಿಸುತ್ತೇವೆ ಎಂದು ವ್ಯವಸ್ಥಾಪಕಿ ನಯವಾಗಿ ಕೈತೊಳೆದುಕೊಂಡಳು.

ಅದು ಮಾರುಕಟ್ಟೆ ಸಂಶೋಧಕರ ಸಮ್ಮೇಳನ. ಅಂಕಿಅಂಶದವರದಲ್ಲ, ಮನೆಮನೆಗೆ ಹೋಗಿ, ಜನ ಒಂದು ವಸ್ತುವನ್ನು ಯಾಕೆ ಕೊಳ್ಳುತ್ತಾರೆ, ಯಾಕೆ ಮೂಲೆಗೆಸೆಯುತ್ತಾರೆ ಎಂದು ಮಾತಾಡಿಸಿ ತಿಳಿಯುವವರದು. ಸೋದರಮಾವನ ಪುಟ್ಟ ಸಂಸ್ಥೆಯಲ್ಲಿ ಅವಳ ಕೆಲಸವೂ ಅದೇ. ಆಸೆಪಟ್ಟು ತಂದ ಶ್ರವಣಯಂತ್ರವನ್ನು ವಯಸ್ಸಾದವರು ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಚಳಿಗಾಲವಿಡೀ ಅಲೆದು ವಿಚಾರಿಸಿದ್ದಳು.

“ಬಿಡಮ್ಮ, ಮುಂದಿನ ವರ್ಷ ನೋಡೋಣ,” ಎಂದರು ಮಾವ.

“ಇಲ್ಲ ಮಾವ. ಹೇಳೇ ಹೋಗೋದು.”

ಚೀಲಗಳನ್ನಿಟ್ಟಿದ್ದ ಕೋಣೆಯನ್ನು ಕೇಳಿ ಪಡೆದಳು. ಊಟದ ಮೇಜಿನಿಂದ ಮೇಜಿಗೆ ಹೋಗಿ, ಸಂಕೋಚ ನುಂಗಿಕೊಂಡು, ಗುರುತಿಲ್ಲದವರನ್ನೂ ಕರೆದಳು. ಬೇಡ ಅನ್ನುವ ಮಾತು ಮಾತ್ರ ಇವಳ ಕಿವಿಗೆ ಕೇಳಿಸುವುದಿಲ್ಲ ಎಂದು ಗೊಣಗುತ್ತಲೇ ಮಾವ ಕುರ್ಚಿಗಳನ್ನು ದುಂಡಗೆ ಜೋಡಿಸಿದರು. ಏಳು ಜನ ಬಂದರು.

ಅವಳು ಒಬ್ಬ ಮುದಿ ಟೈಲರ್ ವಿಷಯ ಹೇಳಿದಳು. ಆತನ ಶ್ರವಣಯಂತ್ರ ಮೇಜಿನ ಖಾನೆಯಲ್ಲಿತ್ತು, ಕೆಟ್ಟಿರಲಿಲ್ಲ. ಯಾಕೆ ಹಾಕುವುದಿಲ್ಲ ಎಂದರೆ, ಎಲ್ಲರ ಹಾಗೆ ಆತನೂ ಗುಂಯ್ ಅನ್ನುತ್ತದೆ ಎಂದಿದ್ದ. ಎರಡನೇ ಸಲ ಹೋದಾಗ ಅವಳು, ಅದು ಬರುವ ಮೊದಲು ಹೇಗಿತ್ತು ಎಂದು ಕೇಳಿದಳು.

“ಮೊದ್ಲು ಮಗಳು ಪಕ್ಕಕ್ಕೆ ಬಂದು, ಹೆಗಲ ಮೇಲೆ ಕೈ ಇಟ್ಟು ಮಾತಾಡೋಳು,” ಎಂದಿದ್ದ ಟೈಲರ್. “ಈ ಕಿವಿ ಮಿಷನ್ ಬಂದ್ಮೇಲೆ ಅಡುಗೆಮನೆಯಿಂದ್ಲೇ ಕೂಗ್ತಾಳೆ.”

ಯಂತ್ರ ತಯಾರಿಸುವ ಕಂಪನಿಯವನೊಬ್ಬ, ಒಬ್ಬ ಮುದುಕನ ಮುನಿಸನ್ನು ಹಿಡಿದುಕೊಂಡು ನಾನು ಮೇಲಿನವರ ಮುಂದೆ ಹೇಗೆ ನಿಲ್ಲಲಿ ಎಂದು ಆಕ್ಷೇಪಿಸಿದ. ಅವಳು ಜಗ್ಗಲಿಲ್ಲ. ಎಲ್ಲ ಮನೆಗಳಲ್ಲೂ ಹೀಗೇ ಎಂದು ನಾನು ಹೇಳುವುದಿಲ್ಲ, ಆದರೆ ಹಲವು ಮನೆಗಳಲ್ಲಿ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಕೇಳಿದ್ದೇನೆ ಎಂದಳು. ಯಂತ್ರದ ಡಬ್ಬಿಯೊಳಗಿನ ಸೂಚನೆಯ ಚೀಟಿ, ಅದನ್ನು ಹಾಕಿಕೊಳ್ಳುವವರಿಗಷ್ಟೇ ಹೇಳುತ್ತದೆ. ಹತ್ತಿರ ಹೋಗಿ ಮಾತಾಡಿ ಎಂದು ಮನೆಯವರಿಗೂ ಹೇಳಲಿ ಎಂದಳು. ಅವನು ಬಹಳ ಹೊತ್ತು ವಾದ ಮಾಡಿದ. ಒಪ್ಪಿದೆ ಎನ್ನಲಿಲ್ಲ. ಎದ್ದು ಹೋಗಲೂ ಇಲ್ಲ.

ಎಲ್ಲರೂ ಚದುರಿದ ಮೇಲೆ ಅವನು ತಿರುಗಿ ಬಂದ. “ಆ ಮನೆಗಳಿಗೆ ನಾನೂ ಬರಬಹುದಾ?”

“ಬನ್ನಿ. ಆದ್ರೆ ಮೊದಲ ದಿನ ಏನೂ ಕೇಳೋ ಹಾಗಿಲ್ಲ. ಸುಮ್ನೆ ಕೂತಿರ್ಬೇಕು.”

ಅವನು ತಲೆಯಾಡಿಸಿದ. ಮಾವ ಆರಿ ತಣ್ಣಗಾದ ಅನ್ನದ ತಟ್ಟೆ ತಂದು ಅವಳ ಕೈಗಿತ್ತರು. ಹಸಿವಿನಿಂದ ಹೊಟ್ಟೆ ತಾಳ ಹಾಕುತ್ತಿತ್ತು; ಅವಳು ನಿಂತೇ ಉಂಡಳು.