ಗಾಜಿನ ಪೆಟ್ಟಿಗೆಯ ಶ್ವಾಸಕೋಶ

ಆ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಪಂಪು ನಡೆಸುವವನ ಕಿವಿ ಎಂಥದ್ದೆಂದರೆ, ಮೂರು ಬೀದಿಯಾಚೆ ವಾಷರ್ ಸವೆದರೂ ಮಗ್ಗುಲಲ್ಲೇ ಸವೆದಂತೆ ಕೇಳಿಸುತ್ತಿತ್ತು. ಕೆಲಸ ಕಲಿಸಿದವಳು ಅವನ ಸ್ವಂತ ಅಕ್ಕ, ಆ ನೆಲಮಾಳಿಗೆಯ ಯಜಮಾನಿ. ಅವಳು ನಕ್ಕದ್ದನ್ನು ಕಂಡವರು ಯಾರೂ ಈಗ ಬದುಕಿಲ್ಲ ಎಂಬುದು ಕಟ್ಟಡಕ್ಕೆಲ್ಲ ಗೊತ್ತಿದ್ದ ಮಾತು.

ಅಂದು ಬೆಳಿಗ್ಗೆ ಗಾಜಿನ ಪೆಟ್ಟಿಗೆಯೊಳಗೆ ಹಂದಿಯ ಶ್ವಾಸಕೋಶವೊಂದು ಉಸಿರಾಡುತ್ತಿತ್ತು. ಹಂದಿ ಇಲ್ಲ, ತಲೆ ಇಲ್ಲ, ಮಿದುಳಿನ ಸುಳಿವಿಲ್ಲ. ತಿದಿಯೊಂದು ಕೋಣೆಯ ಗಾಳಿಯನ್ನೇ ಎಳೆದು ಅದಕ್ಕೆ ತುಂಬುತ್ತಿತ್ತು. ಪಂಪು ರಕ್ತ ಹರಿಸುತ್ತಿತ್ತು. ರಕ್ತದ ಒತ್ತಡವನ್ನು ಒಂದು ಮುಳ್ಳು ತೋರಿಸುತ್ತಿತ್ತು. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಶ್ವಾಸಕೋಶದ ಸಣ್ಣ ರಕ್ತನಾಳಗಳು ಯಾರ ಅಪ್ಪಣೆಯೂ ಇಲ್ಲದೆ ಬಿಗಿದುಕೊಳ್ಳುತ್ತವೆ. ಇಲ್ಲಿ ಉಸಿರಿಲ್ಲ, ಬೇರೆ ಕಡೆ ಹೋಗು ಎಂದು ರಕ್ತಕ್ಕೆ ಬಾಗಿಲು ಹಾಕಿದಂತೆ. ಆಗ ಮುಳ್ಳು ಏರುತ್ತದೆ. ಸಾರಜನಕ ಬೆರೆಸಿ ಆಮ್ಲಜನಕ ತಗ್ಗಿಸಿ, ಎಷ್ಟು ಏರುತ್ತದೆಂದು ನೋಡುವುದೇ ಅಕ್ಕ-ತಮ್ಮನ ಕೆಲಸ. ಸಾರಜನಕದ ಪೈಪನ್ನು ತಿದಿಗೆ ಇನ್ನೂ ಜೋಡಿಸಿರಲಿಲ್ಲ.

ಆದರೂ ಮುಳ್ಳು ಏರಿತು.

"ರಕ್ತದ ಟ್ಯೂಬು ಮಡಚಿಬಿಟ್ಟಿದ್ದೀಯ ಕಣೋ," ಅಂದಳು ಅಕ್ಕ.

"ನಾನು ಹಾಕಿದ ಟ್ಯೂಬು ಭೂಕಂಪ ಆದ್ರೂ ಮಡಚಲ್ಲ."

"ಬಾಯಲ್ಲೇ ಪಂಪು ಹೊಡೀಬೇಡ. ನೋಡು."

ನೋಡಿದ. ಟ್ಯೂಬು ನೆಟ್ಟಗಿತ್ತು. ರಕ್ತ ಹೆಪ್ಪುಗಟ್ಟಿಯೂ ಇರಲಿಲ್ಲ. ಮುಳ್ಳು ಮಾತ್ರ ಏರುತ್ತಲೇ ಇತ್ತು, ಆ ಗುಲಾಬಿ ಮುದ್ದೆ ಯಾರನ್ನೋ ಕಂಡು ಮೈ ಬಿಗಿಹಿಡಿದಂತೆ.

ಅಷ್ಟರಲ್ಲಿ ಅವನಿಗೆ ಎಲ್ಲಿಲ್ಲದ ಹುರುಪು ಬಂತು. ಕಟ್ಟಡವನ್ನೇ ಹೆಗಲಿಗೇರಿಸಿ ಊರು ಸುತ್ತಿ ಬರಬಲ್ಲೆ ಅನ್ನಿಸಿತು. ಸ್ಪ್ಯಾನರಿಗೆ ಕೈ ಹಾಕಿದರೆ ಬೆರಳುಗಳು ಬರೀ ಗಾಳಿಯನ್ನು ಹಿಡಿದವು. ಬೆನ್ನ ಹಿಂದೆ ಯಾರೋ ಕಿಲಕಿಲ ನಕ್ಕರು.

ಅಕ್ಕ.

"ಗಾಳಿ ಹೊರಹಾಕೋ ಫ್ಯಾನು ಆಗ್ಲೇ ನಿಲ್ಲಿಸ್ಬಿಟ್ಟೆ ಕಣೋ. ಅದರ ಗಡಗಡಕ್ಕೆ ಮುಳ್ಳು ಕುಣೀತಿತ್ತು. ಈಗ ಎಷ್ಟು ಹಾಯಾಗಿದೆ ನೋಡು." ಅವಳ ತುಟಿ ಶಾಯಿ ಕುಡಿದಷ್ಟು ನೀಲಿ.

ಅವನು ತುಟಿ ನೋಡಿದ, ಮುಳ್ಳು ನೋಡಿದ. ಮೇಜಿನಡಿ ಜೋತುಬಿದ್ದ ಸಾರಜನಕದ ಪೈಪಿನ ಬಾಯಿ ಹಿಸ್ಸೆನ್ನುತ್ತಿತ್ತು. ಮೂರು ಬೀದಿ ಕೇಳುವ ಕಿವಿಗೆ ಮೊಣಕಾಲ ಬಳಿಯದು ಕೇಳಿರಲಿಲ್ಲ. ಬಣ್ಣವಿಲ್ಲದ, ವಾಸನೆಯಿಲ್ಲದ ಸಾರಜನಕ ಕೋಣೆ ತುಂಬಿತ್ತು. ಶ್ವಾಸಕೋಶ ಎಳೆಯುತ್ತಿದ್ದದ್ದು ಇವರಿಬ್ಬರೂ ಉಸಿರಾಡುತ್ತಿದ್ದ ಆ ಗಾಳಿಯನ್ನೇ.

"ಅಕ್ಕಾ, ಏಳು."

"ಇರೋ..." ಎಂದವಳ ಕತ್ತು ಅಲ್ಲೇ ವಾಲಿತು.

ಅವಳ ರಟ್ಟೆ ಹಿಡಿದು ಎಳೆದ. ಸತ್ತ ಆನೆಯೂ ಅಷ್ಟು ಭಾರವಿರಲಾರದು. ಬಾಗಿಲು ಎರಡು ಸಲ ಹಿಂದಕ್ಕೆ ಓಡಿಹೋಯಿತು. ಕೊನೆಗೆ ಭುಜದಿಂದ ಅದನ್ನು ನೂಕಿ, ಅಕ್ಕನ ಸಮೇತ ಹೊರಗೆ ಬಿದ್ದ. ಅವಳು ಕೆರೆಯನ್ನೇ ಕುಡಿಯುವಂತೆ ಗಾಳಿ ಎಳೆದುಕೊಂಡಳು. ತುಟಿಗೆ ಮೆಲ್ಲಗೆ ಬಣ್ಣ ಮರಳಿತು.

ಹೊರಗೆ ತೆರೆದೇ ಉಳಿದಿದ್ದ ಸಾರಜನಕದ ನಲ್ಲಿ ಮುಚ್ಚಿ, ಅಲ್ಲೇ ಇದ್ದ ಸ್ವಿಚ್ಚಿನಿಂದ ಫ್ಯಾನು ಹಾಕಿ, ಕೋಣೆ ತಿಳಿಯಾದ ಮೇಲೆ ಇಬ್ಬರೂ ಒಳಗೆ ಬಂದರು. ಮುಳ್ಳು ತಾನಾಗಿಯೇ ಇಳಿಯುತ್ತಿತ್ತು.

"ಪಂಪು ನಿಲ್ಲಿಸೋ. ಇವತ್ತಿಗೆ ಸಾಕು."

"ನೀನೇ ನಿಲ್ಲಿಸು."

ಅಕ್ಕ ಸ್ವಿಚ್ಚಿನವರೆಗೆ ಕೈ ಒಯ್ದಳು. ಗಾಜಿನಾಚೆ ಅದು ನಿಧಾನಕ್ಕೆ ಉಬ್ಬಿತು, ಇಳಿಯಿತು.

"ಇನ್ನೊಂಚೂರು ಇರ್ಲಿ ಬಿಡು," ಅಂದಳು, ಅದಕ್ಕೆ ಕೇಳಿಸೀತೆಂಬಂತೆ ದನಿ ತಗ್ಗಿಸಿ.