ಕರಿಯನ ಕಡಿವಾಣ

"ಇದನ್ನ ಹಾಕು. ಅದರ ಕೊಬ್ಬೆಲ್ಲ ಇಳಿಯುತ್ತೆ," ಎಂದು ಮೇಷ್ಟ್ರು ಲಾಯದ ಗೋಡೆಯ ಮೊಳೆಯಿಂದ ಹಳೆಯ ಕಡಿವಾಣ ಇಳಿಸಿದರು. ಮೂವತ್ತು ವರ್ಷ ಕುದುರೆ ಪಳಗಿಸಿ ಊರವರ ಬಾಯಲ್ಲಿ ಮೇಷ್ಟ್ರಾದವರು, ಕಾಲು ಸೋತ ಮೇಲೆ ಲಾಯವನ್ನು ಮಗಳಿಗೆ ಒಪ್ಪಿಸಿದ್ದರು. ಕೆಲಸ ಬಿಟ್ಟಿದ್ದರೇ ಹೊರತು ಮೂಗು ತೂರಿಸುವುದನ್ನು ಬಿಟ್ಟಿರಲಿಲ್ಲ.

ಪಳಗಿಸಲೆಂದು ಲಾಯಕ್ಕೆ ಬಂದಿದ್ದ ಕಂದು ಕುದುರೆ ತಲೆ ಕೊಡವಿ ಒಂದೇ ವಾರದಲ್ಲಿ ಇಬ್ಬರನ್ನು ಕೆಡವಿತ್ತು. ಮಧ್ಯಾಹ್ನ ಅದರ ಯಜಮಾನ ಬರುವವನಿದ್ದ. ಅವನೆದುರಿಗೂ ಹೀಗೇ ತಲೆ ಕೊಡವಿದರೆ ಅದು ಕಸಾಯಿಖಾನೆಯ ಲಾರಿ ಹತ್ತುವುದು ಖಂಡಿತವಾಗಿತ್ತು.

ಮಗಳು ಕಡಿವಾಣ ಮುಟ್ಟಲಿಲ್ಲ. ಕುದುರೆಯ ಬಾಯಿ ಮೆಲ್ಲಗೆ ತೆರೆಸಿ ತೋರಿಸಿದಳು. ಅಂಗುಳಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಹುಣ್ಣು.

"ಹೋದ ವಾರ ನೀವು ಇದಕ್ಕೆ ಕೊಟ್ಟಿದ್ದು ನಿಮ್ಮ ಕರಿಯನ ಅಳತೆಯ ಕಡಿವಾಣ, ಅಪ್ಪಾ. ಇದರ ಬಾಯಿ ಚಿಕ್ಕದು. ಲಗಾಮು ಎಳೆದಾಗಲೆಲ್ಲ ನಡುವಿನ ಕೀಲು ಮಡಚಿಕೊಂಡು ಮೇಲಕ್ಕೆ ಚುಚ್ಚಿದೆ. ತಲೆ ಕೊಡವದೆ ಇನ್ನೇನು ಮಾಡುತ್ತೆ?"

"ಅದಕ್ಕೇ ಇದನ್ನ ಹಾಕು ಅಂದೆ. ಇದರಲ್ಲಿ ಕೀಲೇ ಇಲ್ಲ." ತಾವೇ ಸಾಕಿದ್ದ, ಈಗ ಸತ್ತುಹೋಗಿದ್ದ ಕುದುರೆ ಕರಿಯನ ಮಾತು ಬಂದರೆ ಮೇಷ್ಟ್ರ ಎದೆ ಉಬ್ಬುತ್ತಿತ್ತು. "ಇದನ್ನ ಹಾಕಿದ ದಿನದಿಂದ ಕರಿಯ ಒಂದು ಸಲಾನೂ ತಲೆ ಎತ್ತಲಿಲ್ಲ, ಗೊತ್ತಾ? ಜನ ನೋಡೋಕೆ ಬರ್ತಿದ್ರು."

"ಎಲ್ಲಿ, ಕೈ ಕೊಡಿ."

ಅವಳು ಆ ಹಳೆಯ ಕಡಿವಾಣ ಇಸಿದುಕೊಂಡು, ಅವರ ಮುಂಗೈಯನ್ನು ಅದರ ಬಾಯಿಗೆ ಕೊಡುವ ಸರಳಿಗೂ ಗದ್ದದಡಿಯ ಸರಪಳಿಗೂ ನಡುವೆ ಇಟ್ಟಳು. ಸರಳಿನ ಎರಡೂ ತುದಿಗೆ ಗೇಣುದ್ದದ ಕಬ್ಬಿಣದ ತೋಳುಗಳು ಇಳಿಬಿದ್ದಿದ್ದವು. ಲಗಾಮು ಕಟ್ಟುವುದು ಅವುಗಳ ಕೆಳತುದಿಗೆ. ಆ ಲಗಾಮನ್ನು ಅವಳು ಒಂದೇ ಬೆರಳಿನಿಂದ ಎಳೆದಳು. ಇಕ್ಕಳ ಮುಚ್ಚಿಕೊಂಡಂತೆ ಕಬ್ಬಿಣ ಮೂಳೆಯನ್ನು ಹಿಂಡಿತು. ತಡೆಯಲಾಗದೆ ಮೇಷ್ಟ್ರು ಚೀರಿಬಿಟ್ಟರು.

"ಒಂದು ಬೆರಳು, ಅಪ್ಪಾ," ಎಂದಳು ಮಗಳು. "ನೀವು ಎರಡು ಕೈಯಲ್ಲಿ ಹಿಡೀತಿದ್ರಿ."

ಮೇಷ್ಟ್ರು ಮುಂಗೈ ಉಜ್ಜಿಕೊಳ್ಳುತ್ತ ಖಾಲಿ ಮೊಳೆಯನ್ನೇ ನೋಡಿದರು. ಕರಿಯನ ಬಗ್ಗಿದ ಕತ್ತನ್ನು ಅವರು ವಿನಯವೆಂದು ತಿಳಿದಿದ್ದರು. ಹದಿಮೂರು ವರ್ಷ ಕಂಡಕಂಡವರಿಗೆಲ್ಲ ಅದನ್ನೇ ಹೇಳಿಕೊಂಡು ಬೀಗಿದ್ದರು.

ಮಗಳು ತೊಗಲು ಸುತ್ತಿದ, ಕೀಲೂ ತೋಳೂ ಸರಪಳಿಯೂ ಇಲ್ಲದ ಸಣ್ಣ ಕಡಿವಾಣವೊಂದನ್ನು ಹುಡುಕಿ ತಂದು ಕುದುರೆಗೆ ತೊಡಿಸಿದಳು. ಮಧ್ಯಾಹ್ನ ಯಜಮಾನನ ಕಣ್ಣೆದುರೇ ಅದು ಅವಳನ್ನು ಹೊತ್ತು ಅಂಗಳಕ್ಕೆ ಮೂರು ಸುತ್ತು ಹಾಕಿತು. ಎರಡನೆಯ ಸುತ್ತಿನಲ್ಲಿ ಒಮ್ಮೆ ತಲೆ ಕೊಡವಲು ಹೋಗಿ, ನೋವಾಗದ್ದು ಕಂಡು ಸುಮ್ಮನಾಯಿತು. "ಇರಲಿ ಬಿಡಮ್ಮ, ಲಾರಿಯವನಿಗೆ ಬರಬೇಡ ಅಂತೀನಿ," ಎಂದು ಯಜಮಾನ ಹೊರಟುಹೋದ.

ಇಳಿದವಳು ಲಗಾಮನ್ನು ಅಪ್ಪನ ಕೈಗೆ ಕೊಟ್ಟಳು. ಕುದುರೆ ತುಟಿಯಲ್ಲಿ ನೊರೆ ತುಂಬಿಕೊಂಡು, ಬಾಯಿ ನೋಯದ ಕುದುರೆಗಳ ಹಾಗೆ ಕಡಿವಾಣವನ್ನು ನಿಧಾನವಾಗಿ ಜಗಿಯುತ್ತಿತ್ತು.

"ಕರಿಯನೂ ಹೀಗೆ ಜಗೀತಿತ್ತೇನೇ?" ಮೇಷ್ಟ್ರು ಕೇಳಿದರು.

ಕರಿಯನಿಗೆ ದಿನವೂ ನೀರು ಕುಡಿಸಿ ಬಾಯಿ ಒರೆಸುತ್ತಿದ್ದವಳು ಅವಳೇ. ಅವಳು ಬಗ್ಗಿ ಜೀನಿನ ಪಟ್ಟಿ ಬಿಚ್ಚತೊಡಗಿದಳು.

"ನೆನಪಿಲ್ಲಪ್ಪಾ. ಚಿಕ್ಕವಳಿದ್ದೆ."

ಕುದುರೆ ಕತ್ತು ಚಾಚಿತು. ಲಗಾಮು ಮೇಷ್ಟ್ರ ಬೆರಳುಗಳ ನಡುವಿನಿಂದ ಸರಿಯಿತು. ಅವರು ಹಿಡಿಯಲಿಲ್ಲ.