ಮೊದಲೇ ಬರೆದಿಟ್ಟ ಕ್ಷೇಮ

ಆ ಪರಿಹಾರ ಸಂಸ್ಥೆಯ ಕಚೇರಿಯಲ್ಲಿ ನರ್ಸಕ್ಕನಿಗೆ ಹೊರಗಿನ ರೋಗಿಗಳು ಯಾರೂ ಇರಲಿಲ್ಲ. ನೆರೆಯಲ್ಲಿ ಮನೆಮಠ ಕಳೆದುಕೊಂಡು ಶಿಬಿರ ಸೇರಿದವರಿಗೆ ಅಲ್ಲೇ ಬೇರೆ ಡಾಕ್ಟರುಗಳಿದ್ದರು. ಆ ಶಿಬಿರಗಳಿಗೆ ನೀರು, ಆಹಾರ, ಔಷಧಿ ಸಾಗಿಸುವ ಚಾಲಕರು, ಗೋದಾಮಿನವರು, ವೈರ್‌ಲೆಸ್‌ನವರು, ಹೀಗೆ ಮೂವತ್ತೆರಡು ಜನ ನೌಕರರ ಮೈಮನಸ್ಸು ನೋಡಿಕೊಳ್ಳುವುದು ಈಕೆಯ ಕೆಲಸ. ಕೇಳುವುದಕ್ಕೇನೋ ಹಗುರ. ಆದರೆ ಊರಿಗೆಲ್ಲ ಉಪಕಾರ ಮಾಡಿಕೊಂಡು ತಿರುಗುವವರನ್ನು ಹಿಡಿದು ಕೂರಿಸಿ, "ನೀವು ಹೇಗಿದ್ದೀರಿ" ಎಂದು ಒಂದು ಸಲ ಕೇಳಿ ನೋಡಿ, ಆಗ ಗೊತ್ತಾಗುತ್ತದೆ. "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಾರೆ. ಮಾತು ಮುಗಿಯುವಷ್ಟರಲ್ಲಿ ಬಾಗಿಲು ದಾಟಿರುತ್ತಾರೆ.

ತಿಂಗಳ ಮೊದಲ ಸೋಮವಾರ ಎಲ್ಲರಿಗೂ ಒಂದು ಫಾರಂ. ಅದರಲ್ಲಿ ಹತ್ತು ಪ್ರಶ್ನೆ. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಕೈ ನಡುಗುತ್ತದೆಯೇ, ಸುಮ್ಮಸುಮ್ಮನೆ ಅಳು ಬರುತ್ತದೆಯೇ, ಇಂಥವು. ಕೆಳಗೆ ನರ್ಸಕ್ಕನ ಸಹಿ ಬೀಳದೆ ಯಾವ ಚಾಲಕನ ಕೈಗೂ ಗಾಡಿಯ ಕೀಲಿ ಕೊಡುವ ಹಾಗಿಲ್ಲ. ಮೊದಲ ನಾಲ್ಕು ತಿಂಗಳು ಆಕೆ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಪ್ರಶ್ನೆ ಓದಿ, ಉತ್ತರಕ್ಕೆ ಕಾದಳು. ಎಲ್ಲರದೂ ಅದೇ ರಾಗ, ಅದೇ ಹಾಡು. ಐದನೆಯ ತಿಂಗಳಿಗೆ ಆಕೆಗೂ ಸಾಕೋಸಾಕಾಯಿತು. ಭಾನುವಾರವೇ ಕೂತು ಮೂವತ್ತೆರಡು ಫಾರಮ್ಮಿಗೂ "ಚೆನ್ನಾಗಿದೆ" ಎನ್ನುವ ಕಡೆ ಗುರುತು ಹಾಕಿಟ್ಟುಬಿಟ್ಟಳು. ಸೋಮವಾರ ಬಂದವರಿಗೆ ಪೆನ್ನು ಕೊಟ್ಟು, "ಇಲ್ಲೊಂದು ಸೈನ್ ಹಾಕಿ" ಎಂದಳು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಬಂದವರಿಗೂ ಖುಷಿ, ಮೇಲಿನವರಿಗೂ ಖುಷಿ. ತಪ್ಪು ಅಂತ ಯಾರಿಗೂ ಅನ್ನಿಸಲೇ ಇಲ್ಲ ನೋಡಿ.

ಎಂಟನೆಯ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಮೂರೂ ಹತ್ತಕ್ಕೆ ನರ್ಸಕ್ಕನ ಮೊಬೈಲು ಬಡಿದುಕೊಂಡಿತು. ಫೋನ್ ಮಾಡಿದವಳು ಔಷಧಿ ಲಾರಿಯ ಚಾಲಕನ ಹೆಂಡತಿ. ಐವತ್ತು ದಾಟಿದ ಆ ಚಾಲಕನನ್ನು ಇಡೀ ಕಚೇರಿ 'ಮಾವ' ಎಂದೇ ಕರೆಯುತ್ತಿತ್ತು. ಮಾವನ ಹೆಂಡತಿ ಅಂದ ಮೇಲೆ ಆಕೆ ಎಲ್ಲರಿಗೂ ಅತ್ತೆ.

"ಏನಮ್ಮ, ಇವರು ಇವತ್ತು ಗಾಡಿ ತಗೊಂಡು ಹೋಗಿದಾರಾ?"

"ಹೂಂ ಅತ್ತೆ, ಊಟ ಮುಗಿಸಿ ಹೊರಟ್ರು. ಬೆಟ್ಟದ ಮೇಲಿನ ಶಿಬಿರಕ್ಕೆ."

"ನೀನು ಹೇಗಮ್ಮ ಬಿಟ್ಟೆ? ಒಂಬತ್ತು ದಿನದಿಂದ ರೆಪ್ಪೆಗೆ ರೆಪ್ಪೆ ಅಂಟಿಸಿಲ್ಲ ಅವರು. ಕೀಲಿ ಕೈಯಲ್ಲಿ ಹಿಡ್ಕೊಂಡು ಮನೆಯೊಳಗೇ ಸುತ್ತುತಾರೆ. ಊಟಕ್ಕೆ ಕೂತ್ರೆ ತುತ್ತು ಬಾಯಿಗೆ ಹೋಗೋದ್ರೊಳಗೆ ತೂಕಡಿಸ್ತಾರೆ. ಸೋಮವಾರ ನಿನ್ನ ಹತ್ರ ಹೇಳ್ಕೊಳ್ತೀನಿ ಅಂತಲೇ ಹೋಗಿದ್ರಲ್ಲ. ಹೇಳಲಿಲ್ವಾ?"

ನರ್ಸಕ್ಕ ಡ್ರಾಯರು ಎಳೆದಳು. ಮಾವನ ಫಾರಂ ಮೇಲಿನಿಂದ ಮೂರನೆಯದು. ನಿದ್ದೆ: ಚೆನ್ನಾಗಿದೆ. ಕೈನಡುಕ: ಇಲ್ಲ. ಗುರುತುಗಳೆಲ್ಲ ತನ್ನವೇ, ಒಂದರ ಕೆಳಗೊಂದು, ಅಚ್ಚುಕಟ್ಟಾಗಿ. ಫಾರಂ ಕೈಗೆತ್ತಿಕೊಂಡು ಎದ್ದಳು.

"ಅತ್ತೆ, ಫೋನ್ ಇಡಬೇಡಿ. ವೈರ್‌ಲೆಸ್ ಕೋಣೆಗೆ ಹೋಗ್ತಿದೀನಿ. ಗಂಟೆಗೊಂದು ಸಲ ಅವರ ಕರೆ ಬರುತ್ತೆ."

ಬೆಟ್ಟದ ದಾರಿಯಲ್ಲಿ ಮೊಬೈಲು ಹಿಡಿಯುವುದಿಲ್ಲ, ಎಲ್ಲಕ್ಕೂ ವೈರ್‌ಲೆಸ್ಸೇ ಗತಿ. ಒಂದು ಗಂಟೆಗೆ ಸೇತುವೆ, ಎರಡಕ್ಕೆ ಹಳೆಯ ಗಿರಣಿ, ಮೂರಕ್ಕೆ ಬೆಟ್ಟದ ಕವಲು, ನಾಲ್ಕಕ್ಕೆ ಶಿಬಿರ. ಗಿರಣಿಯಿಂದ ಕವಲಿನವರೆಗೆ ಹನ್ನೊಂದು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಕಣ್ಣು ಬಿಟ್ಟುಕೊಂಡು ಓಡಿಸುವವರಿಗೇ ಅಲ್ಲಿ ಜೀವ ಬಾಯಿಗೆ ಬರುತ್ತದೆ.

ವೈರ್‌ಲೆಸ್ ಕೋಣೆ ಓಣಿಯ ಕೊನೆಯಲ್ಲಿ. ಕಿಟಕಿಗೆ ರಟ್ಟು, ಗೋಡೆಗೆ ನಕ್ಷೆ, ಮೇಜಿನ ಮೇಲೆ ಕೆನೆಗಟ್ಟಿದ ಐದು ಟೀ ಲೋಟ. ಅವುಗಳ ನಡುವೆ ಕೂತವನಿಗೆ 'ಕಿವಿ' ಎಂದು ಹೆಸರು. ನಲವತ್ತರ ಆಸಾಮಿ, ಹನ್ನೊಂದು ವಾಹನಗಳ ಮಾತು ಕೇಳಿ ಬರೆದುಕೊಳ್ಳುವುದು ಅವನ ಕೆಲಸ. ಜೊತೆಗಾರ ಜ್ವರ ಬಂದು ಮಲಗಿದ ಮೇಲೆ ಎರಡು ವಾರದಿಂದ ಒಬ್ಬನೇ ಒದ್ದಾಡುತ್ತಿದ್ದ.

"ಕೂತ್ಕೊಳ್ಳಿ ನರ್ಸಕ್ಕ. ಯಾಕೆ ಹೀಗೆ ಏದುಸಿರು ಬಿಡ್ತಿದೀರಿ?"

"ಮಾವನ ಮೂರು ಗಂಟೆ ಕರೆ ಬಂತಾ?"

"ಬರದೆ ಏನು? ನೋಡ್ಕೊಳ್ಳಿ." ಅವನು ದಿನಚರಿ ಪುಸ್ತಕವನ್ನು ಇತ್ತ ತಿರುಗಿಸಿದ. ಒಂದು ಗಂಟೆ, ಸೇತುವೆ, ಕ್ಷೇಮ. ಎರಡು ಗಂಟೆ, ಗಿರಣಿ, ಕ್ಷೇಮ. ಮೂರು ಗಂಟೆ, ಕವಲು, ಕ್ಷೇಮ.

ನರ್ಸಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಹನ್ನೊಂದು ತಿರುವೂ ದಾಟಿದ್ದಾರೆ, ಇನ್ನು ಸಮತಟ್ಟು ದಾರಿ. ಫೋನನ್ನು ಬಾಯಿಯ ಹತ್ತಿರ ತಂದು, ಅತ್ತೆಗೆ ಹೇಳಬೇಕು ಎನ್ನುವಷ್ಟರಲ್ಲಿ ಕಣ್ಣು ಇನ್ನೊಂದು ಸಾಲು ಕೆಳಗಿಳಿಯಿತು.

ನಾಲ್ಕು ಗಂಟೆ, ಶಿಬಿರ, ಕ್ಷೇಮ.

ಗೋಡೆ ಗಡಿಯಾರದಲ್ಲಿ ಮೂರೂ ಹದಿನೈದು.

"ಇದೇನಪ್ಪ ಇದು?" ಎಂದಳು, ಆ ಸಾಲಿನ ಮೇಲೆ ಬೆರಳಿಟ್ಟು.

ಕಿವಿ ಒಂದು ಟೀ ಲೋಟವನ್ನು ಅತ್ತ ಸರಿಸಿದ. "ಅದು... ಗಂಟೆ ಹೊಡೆದ ತಕ್ಷಣ ಹನ್ನೊಂದು ಗಾಡಿನೂ ಒಟ್ಟಿಗೆ ಕೂಗ್ತವೆ ಅಕ್ಕ. ಒಬ್ಬನ ಕೈಲಿ ಬರ್ಕೊಳ್ಳೋಕಾಗಲ್ಲ. ಅದಕ್ಕೆ ಬೆಳಿಗ್ಗೇನೇ ಪುಟ ತುಂಬಿಸಿಟ್ಟಿರ್ತೀನಿ. ಇಷ್ಟು ದಿನದಲ್ಲಿ ಯಾರಾದ್ರೂ ಕ್ಷೇಮ ಅಲ್ಲ ಅಂದಿದಾರಾ, ನೀವೇ ಹೇಳಿ."

"ಮೂರು ಗಂಟೇದು ನಿಜವಾಗ್ಲೂ ಕೇಳಿಸ್ಕೊಂಡ್ಯಾ?"

ಅವನು ಹಣೆ ಒತ್ತಿಕೊಂಡ. "ಎರಡರದ್ದು ಬಂತು. ಅದಂತೂ ಖಂಡಿತ. ಮೂರರದ್ದು... ಗೊತ್ತಾಗ್ತಿಲ್ಲ ಅಕ್ಕ."

ಬೈಗುಳ ನರ್ಸಕ್ಕನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಯಾವ ಬಾಯಲ್ಲಿ ಬೈಯುವುದು? ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವನ ತಟ್ಟೆಯ ನೊಣ ಓಡಿಸಲು ಹೋದ ಹಾಗಾಗುತ್ತದೆ. ಆ ಫಾರಂ ಇನ್ನೂ ಆಕೆಯ ಎಡಗೈಯಲ್ಲೇ ಮುದುಡಿಕೊಂಡಿತ್ತು.

"ಕೂಗು," ಎಂದಳು.

ಕಿವಿ ಕೂಗಿದ. ಔಷಧಿ ಲಾರಿ, ಔಷಧಿ ಲಾರಿ, ಕಚೇರಿ ಕರೀತಿದೆ. ಬರೀ ಕರಕರ ಸದ್ದು. ಇನ್ನೊಮ್ಮೆ, ಮತ್ತೊಮ್ಮೆ. ಏಳು ಸಲ ಕೂಗಿದ. ಆಮೇಲೆ ಬೇರೊಂದು ಗಂಟಲು ಕೇಳಿಸಿತು. ಶಿಬಿರಕ್ಕೆ ನೀರು ಸುರಿದು ವಾಪಸ್ಸು ಬರುತ್ತಿದ್ದ ಟ್ಯಾಂಕರಿನವನದು.

"ಕಚೇರಿ, ನಾನು ಕವಲಲ್ಲಿದೀನಿ. ಇಲ್ಲೀವರೆಗೂ ಮಾವನ ಗಾಡಿ ಎದುರಿಗೆ ಸಿಕ್ಕಿಲ್ಲ. ಈಗ ತಿರುವು ಇಳೀತಿದೀನಿ, ಖಾಲಿ ಗಾಡಿ, ಅರ್ಧ ಗಂಟೇಲಿ ಗಿರಣಿ ಮುಟ್ತೀನಿ, ನೋಡ್ಕೊಂಡೇ ಬರ್ತೀನಿ."

ಮೊಬೈಲಿನಿಂದ ಅತ್ತೆಯ ದನಿ ಬಂತು. "ಏನಂತಮ್ಮ? ಸಿಕ್ಕಿದ್ರಾ?"

ಕ್ಷೇಮ ಎನ್ನುವ ಮಾತು ಎಷ್ಟು ಸಲೀಸು. ಒಂದು ಸಲ ಅಂದುಬಿಟ್ಟರೆ ಅತ್ತೆ ಅರ್ಧ ಗಂಟೆಯಾದರೂ ನೆಮ್ಮದಿಯಾಗಿರುತ್ತಾಳೆ. ನರ್ಸಕ್ಕ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು.

"ಗೊತ್ತಿಲ್ಲ ಅತ್ತೆ. ಎರಡು ಗಂಟೆ ಆದ್ಮೇಲೆ ಅವರ ಸುದ್ದಿ ಇಲ್ಲ. ಹುಡುಕ್ತಿದೀವಿ. ನೀವು ಲೈನಲ್ಲೇ ಇರಿ."

ಆಮೇಲೆ ಕಾಯುವುದೊಂದೇ ಉಳಿಯಿತು. ಕಿವಿ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ನರ್ಸಕ್ಕನಿಗೆ ಸೋಮವಾರದ ಬೆಳಗು ಕಣ್ಣ ಮುಂದೆ ಬಂತು. ಮಾವ ಒಳಗೆ ಬಂದಿದ್ದರು. ಕುರ್ಚಿಯನ್ನು ತಾವೇ ಎಳೆದುಕೊಂಡು ಕೂತಿದ್ದರು. ಸೈನ್ ಹಾಕಿ ಹೋಗುವವರು ಯಾರೂ ಕೂರುತ್ತಿರಲಿಲ್ಲ.

"ಕಚೇರಿ," ಟ್ಯಾಂಕರಿನವನು ಹೇಳಿದ, "ನಾಲ್ಕನೇ ತಿರುವಲ್ಲಿ ತಡೆಗೋಡೆ ಮುರಿದಿದೆ. ಇಳಿದು ನೋಡ್ತೀನಿ."

ನರ್ಸಕ್ಕ ಮೊಬೈಲಿನ ಮೇಲೆ ಅಂಗೈ ಮುಚ್ಚಲು ಹೋದಳು, ಮುಚ್ಚಲಿಲ್ಲ. ಗಡಿಯಾರದ ಮುಳ್ಳು ನಾಲ್ಕು ನಿಮಿಷ ತಿಂದಿತು. ಈ ಕೈಯಿಂದಲೇ ಗುರುತು ಹಾಕಿದೆ, ಈ ಕೈಯಿಂದಲೇ ಕೀಲಿ ಕೊಡಿಸಿದೆ ಎಂದು ಆಕೆಯ ತಲೆಯಲ್ಲಿ ಒಂದೇ ಮಾತು ಗಾಣದೆತ್ತಿನಂತೆ ಸುತ್ತುತ್ತಿತ್ತು.

"ಹಳೇ ಮುರುಕು ಇದು. ಮೇಲೆಲ್ಲ ಹುಲ್ಲು ಬೆಳೆದಿದೆ. ಕೆಳಗೇನೂ ಇಲ್ಲ. ಮುಂದೆ ಹೋಗ್ತೀನಿ."

ಇನ್ನೂ ಏಳು ತಿರುವು. ಒಂದೊಂದು ದಾಟಿದಾಗಲೂ ಅವನು ಹೇಳುತ್ತ ಹೋದ: ಇಲ್ಲ, ಇಲ್ಲೂ ಇಲ್ಲ. ಕೊನೆಗೆ ಗಿರಣಿ ಬಂತು.

"ಗಾಡಿ ಇದೆ. ಗಿರಣಿ ಹಿಂದುಗಡೆ, ನೆರಳಲ್ಲಿ ನಿಲ್ಸಿದಾರೆ." ಸ್ವಲ್ಪ ತಡೆದು, "ಒಳಗೆ ಯಾರೂ ಇಲ್ಲ," ಎಂದ.

ಕಿವಿ ಎದ್ದು ನಿಂತ. ವೈರ್‌ಲೆಸ್ಸಿನಲ್ಲಿ ಯಾರೋ ನಡೆಯುವ, ಯಾರನ್ನೋ ತಟ್ಟುವ ಸದ್ದು. ಆಮೇಲೆ ನಿದ್ದೆಗಣ್ಣಿನ, ಒರಟು ದನಿಯೊಂದು ಬಂತು.

"ಕಚೇರಿ, ನಾನಪ್ಪ, ಮಾವ. ಗಿರಣಿ ಜಗಲಿ ಮೇಲೆ ಮಲಗಿದ್ದೆ. ಗಾಡಿಗೇನೂ ಆಗಿಲ್ಲ, ಔಷಧಿನೂ ಸರಿಯಾಗಿದೆ."

ಅತ್ತೆ ಅತ್ತೇಬಿಟ್ಟಳು. ನರ್ಸಕ್ಕ ಮೇಜಿಗೆ ಕೈಯೂರಿ ಕೂತಳು. ಕಿವಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಹೆದರಿದವರಿಗೆ ಏರುವಂಥದ್ದೇ ಸಿಟ್ಟು ಅದು.

"ಅಲ್ಲ ಮಾವ, ನಿಲ್ಲಿಸೋದಾದ್ರೆ ಒಂದು ಮಾತು ಹೇಳಬಾರದಾ? ಇಲ್ಲಿ ನಮ್ಮ ಜೀವ ಹೋಗಿತ್ತು."

"ಹೇಳಿದ್ನಲ್ಲಯ್ಯ." ಮಾವನ ದನಿಯಲ್ಲಿ ಮುನಿಸೇನೂ ಇರಲಿಲ್ಲ. "ಎರಡು ಗಂಟೆಗೆ ಹೇಳಿದೆ. ಕೈ ಅದುರ್ತಿದೆ, ದಾರಿ ಎರಡೆರಡು ಕಾಣ್ತಿದೆ, ನನ್ನ ಕೈಲಾಗಲ್ಲ, ಇಲ್ಲೇ ನಿಲ್ಲಿಸ್ತೀನಿ ಅಂದೆ. ನೀನು 'ಗಿರಣಿ, ಕ್ಷೇಮ, ಬರ್ಕೊಂಡೆ' ಅಂದೆ. ಸರಿ ಅಂತ ಆಫ್ ಮಾಡಿ ಮಲಗಿದೆ."

ಕಿವಿ ಪುಸ್ತಕದಲ್ಲಿ ಎರಡು ಗಂಟೆಯ ಸಾಲು ನೋಡಿದ.

"ನರ್ಸಮ್ಮ ಅಲ್ಲಿದಾಳಾ?" ಮಾವ ಕೇಳಿದರು. "ಸೋಮವಾರ ನಿನ್ನ ಹತ್ರಾನೂ ಹೇಳೋಣ ಅಂತ ಬಂದಿದ್ದೆ ಕಣಮ್ಮ. ನೋಡಿದ್ರೆ ನೀನು ಎಲ್ಲಾ ಬರೆದಿಟ್ಟಿದ್ದೆ. ಪಾಪ, ಕೆಲಸದ ಗಡಿಬಿಡೀಲಿದಾಳೆ, ಅಷ್ಟೊಂದು ಗುರುತು ಹೊಡೆದು ಹಾಕ್ಸೋದು ಯಾಕೆ ಅಂತ ಸೈನ್ ಹಾಕಿ ಬಂದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಾಪ ಅಂದರಲ್ಲ, ಅದು ಆಕೆಗೆ ಚುಚ್ಚಿತು. ನರ್ಸಕ್ಕ ಕಣ್ಣೊರೆಸಿಕೊಂಡು ಮುದುಡಿದ ಫಾರಮ್ಮನ್ನು ಮೇಜಿನ ಮೇಲೆ ಬಿಡಿಸಿ, ಹತ್ತೂ ಗುರುತುಗಳ ಮೇಲೆ ಉದ್ದಕ್ಕೆ ಗೀಟೆಳೆದಳು. ಕೆಳಗಿದ್ದ ತನ್ನ ಸಹಿಯನ್ನೂ ಹೊಡೆದು ಹಾಕಿದಳು. ನಾಳೆ ಮೇಲಿನವರು ಕರೆದು ಕೇಳುತ್ತಾರೆ, ಕೇಳಲಿ. ಟ್ಯಾಂಕರಿನಲ್ಲಿ ಇಬ್ಬರು ಚಾಲಕರಿದ್ದರು. ಒಬ್ಬ ಔಷಧಿ ಲಾರಿಯನ್ನು ಶಿಬಿರಕ್ಕೆ ಒಯ್ಯಲಿ, ಇನ್ನೊಬ್ಬ ಮಾವನನ್ನು ನೇರ ಮನೆಗೆ ತಲುಪಿಸಲಿ ಎಂದಳು.

"ಮಾವ, ಟ್ಯಾಂಕರ್ ಹೊರಡೋದ್ರೊಳಗೆ ಒಂದು ಮಾತು," ಎಂದು ವೈರ್‌ಲೆಸ್ಸಿನ ಗುಂಡಿ ಒತ್ತಿ ಹಿಡಿದಳು. "ಸೋಮವಾರ ಕೇಳಬೇಕಾಗಿದ್ದು. ನಿದ್ದೆ ಬರ್ತಿದೆಯಾ?"

"ಇಲ್ಲಮ್ಮ."

ಬರೆದುಕೊಂಡಳು. "ಊಟ ಸೇರ್ತಿದೆಯಾ?"

"ಇಲ್ಲ."

ವೈರ್‌ಲೆಸ್ಸಿನಲ್ಲಿ ಒಬ್ಬರು ಮಾತಾಡಿದರೆ ಹನ್ನೊಂದು ಗಾಡಿಗೂ ಕೇಳಿಸುತ್ತದೆ ಎನ್ನುವುದು ಆಕೆಗೆ ಆ ಹೊತ್ತಿನಲ್ಲಿ ಮರೆತೇ ಹೋಗಿತ್ತು. ಹತ್ತು ಪ್ರಶ್ನೆ ಮುಗಿಯುವವರೆಗೂ ಯಾರೂ ನಡುವೆ ಬಾಯಿ ಹಾಕಲಿಲ್ಲ. ನಾಲ್ಕು ಗಂಟೆಯಾಯಿತು. ಹನ್ನೊಂದು ಕರೆ ಒಟ್ಟಿಗೆ ಬರಬೇಕಾದ ಹೊತ್ತು, ಒಂದೂ ಬರಲಿಲ್ಲ. ಕಿವಿ ಪುಸ್ತಕದಲ್ಲಿ 'ಶಿಬಿರ, ಕ್ಷೇಮ' ಎಂದಿದ್ದನ್ನು ಹೊಡೆದು ಹಾಕಿ, ಪೆನ್ನು ಹಿಡಿದು ಕಾದು ಕೂತ.

ಆಮೇಲೆ ಟ್ಯಾಂಕರಿನವನ ದನಿ, ತುಸು ಸಂಕೋಚದಲ್ಲಿ.

"ನರ್ಸಕ್ಕ, ಆ ಫಾರಂಗಳನ್ನ ಮೇಲಿನವರಿಗೆ ಇನ್ನೂ ಕಳ್ಸಿಲ್ಲ ತಾನೆ? ನಂದೂ ಸ್ವಲ್ಪ ತಿದ್ದೋದಿತ್ತು."